ಗೂಟಕ್ಕೆ ಎರಡು ಕೈ

ಗೂಟ ಹಿಡಿಯಿರಿ. ನುಣುಪಾಗಿದೆ ಆ ಕಟ್ಟಿಗೆ. ಎಷ್ಟೋ ಹೆಂಗಸರ ಅಂಗೈ ತಿಕ್ಕಿ ತಿಕ್ಕಿ ಅದರ ಗಂಟುಗಳೆಲ್ಲ ಸವೆದುಹೋಗಿವೆ. ನಿಮ್ಮೆದುರು ಅಜ್ಜಿ ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ ಕೂತಿದ್ದಾರೆ. ನಡುವೆ ಬೀಸುಕಲ್ಲು, ಅದರ ಅಡಿಗೆ ಹಾಸಿದ ಹಳೆಯ ಧೋತರ. ವಿಜಯಪುರ ಜಿಲ್ಲೆಯಲ್ಲಿ, ಭೀಮಾ ನದಿಯ ಕಡೆಗಿರುವ ಒಂದು ಊರು ಇದು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಪಡಸಾಲೆಯಲ್ಲಿ ಮಣ್ಣಿನ ಗೋಡೆಯ ತಂಪು, ಮೂಲೆಯಿಂದ ಬರುವ ಜೋಳದ ಚೀಲದ ವಾಸನೆ.

ಬಂದ ಕೂಡಲೇ ನೀವು ಫೋನು ತೆಗೆದು, ಒಂದು ಬೀಸುವ ಪದ ಹಾಡಿ ಎಂದು ಕೇಳಿದ್ದಿರಿ. ಅಜ್ಜಿ ಬಾಯಿ ತೆರೆದರು, ಎರಡು ಮಾತು ಬಂತು, ಮುಂದೆ ಹೋಗಲಿಲ್ಲ. ಮತ್ತೆ ಹಿಡಿದರು, ಮತ್ತೆ ನಿಂತಿತು. ಕೈ ಮಾತ್ರ ಗಾಳಿಯಲ್ಲಿ ಸುತ್ತುತ್ತಿತ್ತು. ‘ಕಲ್ಲು ತಿರಗಲಿಲ್ಲಂದ್ರ ಪದಾ ಎಲ್ಲಿಂದ ಬರಬೇಕ್ರೀ?’ ಎಂದು ನಕ್ಕು, ಊರಿಗೆ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಕಲ್ಲನ್ನು ಮೊಮ್ಮಗನಿಂದ ಎಳೆಸಿದರು. ಒಬ್ಬರೇ ಬೀಸುವ ಶಕ್ತಿ ಈಗ ಅವರಿಗಿಲ್ಲ. ಅದಕ್ಕೇ ಗೂಟದ ಮೇಲೆ ನಿಮ್ಮ ಕೈ.

ಎಳೆಯಿರಿ. ಕಲ್ಲು ಅಲುಗುವುದಿಲ್ಲ. ಮತ್ತೆ ಎಳೆಯಿರಿ. ಭುಜದಿಂದ ಬೆನ್ನಿನವರೆಗೆ ಒಂದು ನರ ಸೆಟೆದುಕೊಳ್ಳುತ್ತದೆ. ಕಲ್ಲು ಗೊರಕೆ ಹೊಡೆದಂತೆ ಒಮ್ಮೆ ಕೆಮ್ಮಿ, ಅರ್ಧ ಸುತ್ತು ಬಂದು ನಿಲ್ಲುತ್ತದೆ. ‘ತೋಳಿಲೆ ಅಲ್ಲರೀ, ಮೈಲೆ ಎಳೀರಿ’ ಎನ್ನುತ್ತಾರೆ ಅಜ್ಜಿ. ನೀವು ಸೊಂಟದಿಂದ ಹಿಂದಕ್ಕೆ ವಾಲುತ್ತೀರಿ. ಅವರು ಮುಂದಕ್ಕೆ ಬರುತ್ತಾರೆ. ನೀವು ಮುಂದಕ್ಕೆ, ಅವರು ಹಿಂದಕ್ಕೆ. ಸುತ್ತು ಪೂರ್ತಿಯಾಗುತ್ತದೆ. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಬೀಳುತ್ತದೆ. ಸದ್ದು ದಪ್ಪವಾಗುತ್ತದೆ, ಒಂದೇ ಸಮನೆ ಗರಗರ, ನೆಲದ ಮೂಲಕ ನಿಮ್ಮ ತೊಡೆಯೊಳಕ್ಕೆ ಹತ್ತುತ್ತದೆ. ಮೂಗಿಗೆ ಬಿಸಿ ಹಿಟ್ಟಿನ ಘಮ. ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಮತ್ತು ಯಾವ ಮುನ್ಸೂಚನೆಯೂ ಇಲ್ಲದೆ, ಕಲ್ಲಿನ ಸದ್ದಿನ ಒಳಗಿಂದಲೇ ಎದ್ದು ಬಂದಂತೆ, ಅಜ್ಜಿ ಹಾಡತೊಡಗುತ್ತಾರೆ.

ಮೈಯೆಲ್ಲ ಕಿವಿಯಾಗುತ್ತದೆ ಎನ್ನುತ್ತಾರಲ್ಲ, ಹಾಗೆ ಕೇಳುತ್ತೀರಿ. ಆದರೆ ಕೈ ಬಿಡುವ ಹಾಗಿಲ್ಲ. ಕೈ ಬಿಟ್ಟರೆ ಹಾಡು ನಿಲ್ಲುತ್ತದೆ.

ಎಲ್ಲ ಸೇರಿ ಐದೇ ಸ್ವರ. ಸ ದಿಂದ ಪ ದವರೆಗೆ ಏರಿ, ಮತ್ತೆ ಸ ಕ್ಕೆ ಇಳಿಯುವ ಸಣ್ಣ ದಾರಿ. ಗೂಟವನ್ನು ತಮ್ಮ ಕಡೆಗೆ ಎಳೆದುಕೊಳ್ಳುವಾಗ ಅಜ್ಜಿ ಉಸಿರು ತೆಗೆದುಕೊಳ್ಳುತ್ತಾರೆ. ಅದು ಪದದ ನಡುವೆ ಬಂದರೂ ಅವರಿಗೆ ಚಿಂತೆಯಿಲ್ಲ. ತ್ರಿಪದಿ ಅದು, ಮೂರು ಸಾಲು. ಹಾಡುವಾಗ ನಡುವಿನ ಸಾಲು ಇನ್ನೊಮ್ಮೆ ಬರುತ್ತದೆ, ಆಮೇಲೆ ಕೊನೆಯ ಗಿಡ್ಡ ಸಾಲು. ನಡುವಿನ ಸಾಲು ಮುಗಿಯುವಲ್ಲಿ ಅವರ ದನಿ ಗಾಂಧಾರದ ಮೇಲೆ ಜಾರುತ್ತದೆ. ಶುದ್ಧ ಗಾಂಧಾರವಲ್ಲ, ಪೂರ್ತಿ ಕೋಮಲವೂ ಅಲ್ಲ. ನಿಮ್ಮ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಅದೇ ಕ್ಷಣದಲ್ಲಿ ನಿಮಗೊಂದು ಭಯವೂ ಹುಟ್ಟುತ್ತದೆ: ಈ ಜಾಗವನ್ನು ಆ ಮಕ್ಕಳ ಬೆರಳಿಗೆ ಹೇಗೆ ತೋರಿಸಲಿ?

ಆ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಶನಿವಾರದ ಬೆಳಿಗ್ಗೆ ಶಾಲೆಯ ಸಭಾಂಗಣಕ್ಕೆ ಪಿಟೀಲಿನ ಪೆಟ್ಟಿಗೆಗಳನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಾರೆ. ಅರ್ಧ ಅಳತೆಯ ಪಿಟೀಲು, ಮುಕ್ಕಾಲು ಅಳತೆಯ ಪಿಟೀಲು, ಎತ್ತರದ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಗದೆ ಕೂರುವ ಒಬ್ಬ ಚೆಲ್ಲೋ ಹುಡುಗ. ಕಲಿಯಲು ಶುರು ಮಾಡಿ ವರ್ಷ ತುಂಬಿಲ್ಲ. ಅವರ ಕೈಯಲ್ಲಿರುವುದು ಜಪಾನಿನ ಶಿನಿಚಿ ಸುಜುಕಿ ಅವರ ಕ್ರಮದ ಮೊದಲ ಪುಸ್ತಕ. ‘ಟ್ವಿಂಕಲ್ ಟ್ವಿಂಕಲ್’ ಧಾಟಿಯಿಂದ ಹೊರಟು ಮೊದಲ ಪಾಠಗಳಲ್ಲಿ ಹೆಚ್ಚಾಗಿ ಯೂರೋಪಿನ ಜನಪದ ಧಾಟಿಗಳು. ಒಳ್ಳೆಯ ಪುಸ್ತಕ, ನನಗೆ ಅದರ ಮೇಲೆ ಗೌರವವಿದೆ. ಸುಜುಕಿ ಆ ಧಾಟಿಗಳನ್ನು ಆರಿಸಿದ್ದು ಚಿಕ್ಕ ಕೈಗಳನ್ನು ಚೆನ್ನಾಗಿ ಬಲ್ಲವರಾಗಿ. ಆದರೆ ಜರ್ಮನಿಯ ಅಜ್ಜಿಯ ಹಾಡು ಬೆರಳಿಗೆ ಬರುವ ಮಗುವಿಗೆ ವಿಜಯಪುರ ಸೀಮೆಯ ಇಂಡಿ, ಚಡಚಣದ ಅಜ್ಜಿಯ ಹಾಡು ಯಾಕೆ ಬರಬಾರದು? ವರ್ಷದ ಕೊನೆಯ ಕಾರ್ಯಕ್ರಮಕ್ಕೆ ಒಂದು ಕನ್ನಡ ಜನಪದ ಹಾಡು ಹೊಂದಿಸಿಕೊಡುತ್ತೇನೆ ಎಂದು ನೀವು ಒಪ್ಪಿಕೊಂಡಿದ್ದೀರಿ. ಅದಕ್ಕೇ ಈ ಊರು, ಈ ಕಲ್ಲು, ಉರಿಯುತ್ತಿರುವ ಈ ಅಂಗೈ.

ಈಗ ರಾತ್ರಿ. ಬೆಂಗಳೂರಿನ ನಿಮ್ಮ ಮನೆಯ ಊಟದ ಮೇಜು. ಭುಜ ಇನ್ನೂ ನೋಯುತ್ತಿದೆ. ಕಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಕಲ್ಲಿನ ಗರಗರ, ಅದರ ಮೇಲೆ ಅಜ್ಜಿಯ ದನಿ. ಪಕ್ಕದಲ್ಲಿ ಪಿಟೀಲು, ಪೆನ್ಸಿಲು, ಖಾಲಿ ಸ್ವರಪತ್ರ. ಮೇಜಿನ ಮೇಲೆ ಎರಡು ಪುಸ್ತಕಗಳನ್ನೂ ಇಟ್ಟುಕೊಂಡಿದ್ದೀರಿ, ಧೈರ್ಯಕ್ಕೆ.

ಒಂದು ‘ಗರತಿಯ ಹಾಡು’. ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಸಂಗಡಿಗರು, ತಮ್ಮ ಸೀಮೆಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಹೊರತಂದ ಸಂಕಲನ. ಇನ್ನೊಂದು ಹಂಗೇರಿಯ ಬೇಲಾ ಬಾರ್ತೋಕ್ ಅವರ ‘ಎರಡು ಪಿಟೀಲುಗಳಿಗೆ 44 ಯುಗಳಗಳು’. ಅದನ್ನು ಅವರು ಬರೆದದ್ದೂ 1931ರಲ್ಲೇ. ಜರ್ಮನಿಯ ಎರಿಷ್ ಡೋಫ್ಲೈನ್ ಎಂಬ ಪಿಟೀಲು ಮೇಷ್ಟ್ರು, ಕಲಿಯುವ ಮಕ್ಕಳಿಗೆ ನುಡಿಸಲು ಏನಾದರೂ ಕೊಡಿ ಎಂದು ಕೇಳಿದ್ದರು. ಬಾರ್ತೋಕ್ ಬಳಿ ಕೊಡಲು ಬೇಕಾದಷ್ಟಿತ್ತು. 1906ರಿಂದಲೇ ಅವರು ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ, ಹಂಗೇರಿಯ, ಸ್ಲೊವಾಕ್, ರುಮೇನಿಯದ ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟಿದ್ದರು. 1913ರಲ್ಲಿ ಅಲ್ಜೀರಿಯದ ಬಿಸ್ಕ್ರಾದವರೆಗೂ ಹೋಗಿಬಂದಿದ್ದರು. 44ರಲ್ಲಿ 42ನೆಯದು ಅರಬ್ಬೀ ಹಾಡು. ಒಂದೆರಡನ್ನು ಬಿಟ್ಟರೆ ಉಳಿದೆಲ್ಲವೂ ಹೀಗೆ ಜನರ ಬಾಯಿಂದ ಬಂದ ಧಾಟಿಗಳೇ, ಸುಲಭದಿಂದ ಕಷ್ಟಕ್ಕೆ ಜೋಡಿಸಿದವು.

ಒಂದೇ ವರ್ಷ. ಹಲಸಂಗಿಯ ಪುಸ್ತಕದಲ್ಲಿ ಮಾತು ಉಳಿಯಿತು, ಧಾಟಿ ಹೆಂಗಸರ ಕೊರಳಲ್ಲೇ ಇತ್ತು. ಬಾರ್ತೋಕರ ಪುಸ್ತಕದಲ್ಲಿ ಧಾಟಿ ಉಳಿಯಿತು, ಮಾತು ಹಿಂದೆ ಸರಿಯಿತು. ನೀವು ಈ ಎರಡರ ನಡುವೆ ಕೂತು, ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದೀರಿ.

ಮೊದಲ ಕೆಲಸ ಶ್ರುತಿ. ಅಜ್ಜಿ ಹಾಡಿದ ಶ್ರುತಿಯಲ್ಲೇ ಬರೆದರೆ ಮಕ್ಕಳ ಬೆರಳಿಗೆ ಒಂದೂ ಖಾಲಿ ತಂತಿ ಸಿಗುವುದಿಲ್ಲ. ಪಿಟೀಲಿನ ನಾಲ್ಕು ತಂತಿ ಜಿ, ಡಿ, ಎ, ಇ. ಸ ವನ್ನು ಡಿ ತಂತಿಯ ಮೇಲೆ ಇಟ್ಟು ನೋಡಿ. ಖಾಲಿ ತಂತಿ ಸ. ಒಂದನೆಯ ಬೆರಳು ರಿ. ಎರಡನೆಯದು ಗ. ಮೂರನೆಯದು ಮ. ಪಕ್ಕದ ಖಾಲಿ ಎ ತಂತಿಯೇ ಪ. ಇಡೀ ಹಾಡು ಒಂದು ಅಂಗೈಯಲ್ಲಿ ಹಿಡಿಸುತ್ತದೆ! ಎದೆ ಹಗುರಾಗುತ್ತದೆ. ನುಡಿಸಿ ನೋಡುತ್ತೀರಿ, ಮೆಲ್ಲಗೆ, ಮನೆಯವರು ಮಲಗಿದ್ದಾರೆ.

ಎರಡನೆಯ ಬೆರಳಿನಲ್ಲಿ ಸಿಕ್ಕಿಬೀಳುತ್ತೀರಿ.

ಹೊಸಬರ ಪಿಟೀಲಿನ ಮೇಲೆ ಬೆರಳು ಇಡುವ ಜಾಗಕ್ಕೆ ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಎರಡನೆಯ ಬೆರಳಿನ ಪಟ್ಟಿ ಇರುವುದು ಶುದ್ಧ ಗಾಂಧಾರದ ಜಾಗದಲ್ಲಿ, ಮೂರನೆಯ ಬೆರಳಿಗೆ ಒತ್ತಿಕೊಂಡು. ಮಕ್ಕಳ ಬೆರಳು ತಿಂಗಳುಗಟ್ಟಲೆ ಅಲ್ಲಿಗೇ ಬಿದ್ದು ಅಭ್ಯಾಸವಾಗಿದೆ. ಅಲ್ಲಿಟ್ಟು ನುಡಿಸಿದರೆ ಹಾಡು ಒಮ್ಮೆಗೇ ನಗತೊಡಗುತ್ತದೆ, ಹೊಸ ಬಟ್ಟೆ ಹಾಕಿಕೊಂಡು ಜಾತ್ರೆಗೆ ಹೊರಟುಬಿಡುತ್ತದೆ. ತಾಯಿತಂದೆಯರಿಗೆ ಇಷ್ಟವಾಗುತ್ತದೆ. ಮಕ್ಕಳಿಗೆ ಒಂದೇ ದಿನದಲ್ಲಿ ಬರುತ್ತದೆ. ಯಾರೂ ನಿಮ್ಮನ್ನು ಕೇಳುವುದಿಲ್ಲ. ಆ ಅಜ್ಜಿ ಇಲ್ಲಿಗೆ ಬಂದು ಕೇಳುವ ಸಂಭವವೂ ಇಲ್ಲ.

ಇಯರ್‌ಫೋನಿನಲ್ಲಿ ಮತ್ತೆ ಆ ಜಾರು. ನಿಮ್ಮ ಹೊಟ್ಟೆ ಮತ್ತೆ ಹಿಂಡುತ್ತದೆ. ಬೇಡ, ಆ ಬೆರಳನ್ನು ಅಲ್ಲಿಡಬೇಡಿ. ಈ ಹಾಡಿನಲ್ಲಿ ತವರಿನ ನೆನಪಿದೆ, ನಸುಕಿನಲ್ಲಿ ಎದ್ದ ಆಯಾಸವಿದೆ; ಅದೆಲ್ಲ ಇರುವುದು ಆ ಒಂದು ಸ್ವರದ ತಗ್ಗಿನಲ್ಲಿ. ಬೆರಳಿಗೆ ಸುಲಭವೆಂದು ಅದನ್ನು ಎತ್ತಿಬಿಟ್ಟರೆ ಮಕ್ಕಳ ಕೈಗೆ ಸಿಗುವುದು ಹಾಡಿನ ಹೆಸರು ಮಾತ್ರ. ಬಾರ್ತೋಕ್ ಪುಟಗಳನ್ನು ತಿರುವಿ ನೋಡಿ. ಮಕ್ಕಳಿಗೆಂದು ಅವರು ರೈತರ ಸ್ವರಗಳಿಗೆ ಸಕ್ಕರೆ ಬೆರೆಸಲಿಲ್ಲ. ಬೆರಳಿಗೆ ಸುಲಭ ಮಾಡಿದರು, ಕಿವಿಗೆ ಮಾಡಲಿಲ್ಲ.

ನೀವು ಬರೆಯುತ್ತೀರಿ: ಎರಡನೆಯ ಬೆರಳು ಕೆಳಕ್ಕೆ, ಒಂದನೆಯ ಬೆರಳಿಗೆ ತಾಗಿ. ಕೋಮಲ ಗಾಂಧಾರ. ಅಜ್ಜಿಯ ಸ್ವರಕ್ಕೆ ಅದು ಹತ್ತಿರ. ಉಳಿದ ಗಮಕಗಳನ್ನೆಲ್ಲ ತೆಗೆದುಹಾಕುತ್ತೀರಿ, ಒಂದೊಂದು ಗೆರೆ ಅಳಿಸುವಾಗಲೂ ಬೆರಳು ತಡೆಯುತ್ತದೆ. ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೀರಿ, ನಡುವಿನ ಸಾಲಿನ ಕೊನೆಯ ಜಾರು. ಎರಡನೆಯ ಬೆರಳು ಪಟ್ಟಿಯ ಮೇಲೆ ಇಳಿದು, ಎತ್ತದೆ, ಹಾಗೇ ಹಿಂದಕ್ಕೆ ಸರಿದು ಒಂದನೆಯ ಬೆರಳನ್ನು ಮುಟ್ಟಬೇಕು. ಮಗು ಮಾಡಬಲ್ಲದು. ಪಟ್ಟಿಯ ಜಾಗ ಈಗ ಹೊರಡುವ ಜಾಗ.

ಇನ್ನು ಜೊತೆಯ ಸ್ವರಗಳು. ಇಲ್ಲಿ ಆಸೆ ಎಲ್ಲಕ್ಕಿಂತ ದೊಡ್ಡದು. ನಿಮಗೆ ಹಾರ್ಮನಿ ಗೊತ್ತಿದೆ. ಕೆಳಗೊಂದು ತುಂಬಿದ ಸ್ವರಗುಚ್ಛ ಹಾಕಿದರೆ ಸಿನಿಮಾ ಹಾಡಿನ ಹಾಗೆ ಅರಳುತ್ತದೆ. ಚೆಲ್ಲೋಗೆ ಒಂದು ಗಾಂಧಾರ ಬರೆದು ನೋಡುತ್ತೀರಿ. ಕೂಡಲೇ ಅಪಾಯ ಕಿವಿಗೆ ಬೀಳುತ್ತದೆ. ಹತ್ತು ಮಕ್ಕಳ ಗಾಂಧಾರ ಹತ್ತು ಕಡೆ ಇರುತ್ತದೆ. ಕೆಳಗೆ ಚೆಲ್ಲೋ ಇನ್ನೊಂದು ಕಡೆ ನಿಂತು ತನ್ನದೇ ಸರಿ ಎಂದು ಸಾರಿದರೆ, ಮೇಲಿನ ಪ್ರತಿಯೊಂದು ಬೆರಳೂ ತಪ್ಪಾಗಿ ಕೇಳುತ್ತದೆ. ಅದೇ ಕೆಳಗೆ ಬರೀ ಸ ಮತ್ತು ಪ ಇದ್ದರೆ? ಎರಡೂ ಖಾಲಿ ತಂತಿ, ತಪ್ಪಲು ಬೆರಳೇ ಇಲ್ಲ. ಗಾಂಧಾರ ಕೂದಲೆಳೆ ಆಚೀಚೆ ಆದರೂ ಜಗಳಕ್ಕೆ ಬರುವವರಿಲ್ಲ. ಅಜ್ಜಿಯ ನಡುದಾರಿಯ ಗಾಂಧಾರಕ್ಕೂ ಅಲ್ಲಿ ಜಾಗವಿದೆ.

ಅಳಿಸಿಹಾಕಿ ಚೆಲ್ಲೋದ ಆ ಗಾಂಧಾರವನ್ನು. ಚೆಲ್ಲೋಗೂ ಎರಡನೆಯ ಪಿಟೀಲಿಗೂ ಖಾಲಿ ತಂತಿ ಮಾತ್ರ. ಒಂದು ಸುತ್ತಿಗೆ ಕಮಾನು ಕೆಳಕ್ಕೆ, ಮುಂದಿನ ಸುತ್ತಿಗೆ ಮೇಲಕ್ಕೆ. ಎಳೆ, ತಳ್ಳು. ಬರೆಯುವಾಗ ನಿಮ್ಮ ನೋಯುವ ಭುಜ ತಾನಾಗಿ ಹಿಂದೆ ಮುಂದೆ ಹೋಗುತ್ತಿದೆ, ಗಮನಿಸಿದಿರಾ? ಕಲಿಯುವ ಮಗುವಿಗೆ ಬೇಕಾದ ಮೊದಲ ವಿದ್ಯೆಯೂ ಇದೇ, ಕಮಾನನ್ನು ಬುಡದಿಂದ ತುದಿಯವರೆಗೆ ಒಂದೇ ಭಾರದಲ್ಲಿ ಎಳೆಯುವುದು.

ಲೆಕ್ಕ ಉಳಿದಿದೆ. ತ್ರಿಪದಿಗೆ ಒಟ್ಟು ಹನ್ನೊಂದು ಗಣ: ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಕೊನೆಯದಕ್ಕೆ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಗಿಡ್ಡವು, ಉಳಿದವು ವಿಷ್ಣುಗಣ. ಪುಸ್ತಕದಲ್ಲಿ ಹಾಗೆ. ಅಜ್ಜಿಯ ಬಾಯಲ್ಲಿ ಗಿಡ್ಡ ಗಣವೂ ಒಂದು ಪೂರ್ತಿ ಸುತ್ತು ತುಂಬುತ್ತದೆ. ಸ್ವರವನ್ನು ಹಿಗ್ಗಿಸಿ ತುಂಬಿಸುತ್ತಾರೆ. ಕಲ್ಲು ಗಣ ನೋಡಿ ತಿರುಗುವುದಿಲ್ಲ. ಹಾಗಾಗಿ ಸುತ್ತೊಂದಕ್ಕೆ ಒಂದು ಬಾರ್, ಎಂದರೆ ಸ್ವರಪತ್ರದ ಒಂದು ಮನೆ, ಬರೆಯುತ್ತೀರಿ. ನಾಲ್ಕು, ನಾಲ್ಕು, ಮರಳಿ ಬರುವ ನಡುಸಾಲಿಗೆ ಇನ್ನೊಂದು ನಾಲ್ಕು, ಕೊನೆಗೆ ಮೂರು. ಮೂರಕ್ಕೇ ನಿಂತ ಆ ಸಾಲನ್ನು ನೋಡುತ್ತ ಕೂರುತ್ತೀರಿ. ಮಕ್ಕಳ ಪುಸ್ತಕದ ಹೆಚ್ಚಿನ ಹಾಡುಗಳು ನಾಲ್ಕು ನಾಲ್ಕರ ಚೌಕದಲ್ಲಿವೆ. ಇನ್ನೊಂದು ಬಾರ್ ಸೇರಿಸಿ ವಿರಾಮದ ಗುರುತು ಹಾಕಿದರೆ ಎಲ್ಲ ಸರಿಹೋಗುತ್ತದೆ. ಪೆನ್ಸಿಲ್ಲು ಕಾಗದದ ಮೇಲೆ ಬಂದು ನಿಲ್ಲುತ್ತದೆ. ಕಿವಿಯಲ್ಲಿ ಅಜ್ಜಿ ಮೂರನೆಯ ಸುತ್ತು ಮುಗಿದದ್ದೇ ಮುಂದಿನ ನುಡಿ ಎತ್ತಿಕೊಳ್ಳುತ್ತಾರೆ, ಕೈ ನಿಲ್ಲದೆ. ಆ ಒಂದು ಬಾರ್ ಬರೆದರೆ ಕಲ್ಲು ನಿಲ್ಲುತ್ತದೆ.

ಬರೆಯುವುದಿಲ್ಲ ನೀವು.

ಶನಿವಾರ. ಸಭಾಂಗಣದ ತುಂಬ ಕಮಾನಿಗೆ ಹಚ್ಚುವ ರೋಸಿನ್ನಿನ ಪುಡಿ, ಬೆವರು, ಯಾರದೋ ಡಬ್ಬಿಯ ಚಿತ್ರಾನ್ನದ ವಾಸನೆ. ಪತ್ರಗಳನ್ನು ಹಂಚುತ್ತೀರಿ. ಒಂದು, ಎರಡು, ಮೂರು. ಮೊದಲ ಸಾಲು ಹೇಗೋ ಸಾಗುತ್ತದೆ. ಎರಡನೆಯ ಸಾಲಿನಲ್ಲಿ ಅರ್ಧ ಮಕ್ಕಳ ಬೆರಳು ಪಟ್ಟಿಗೆ ಬೀಳುತ್ತದೆ, ಅರ್ಧ ಮಕ್ಕಳದು ಕೆಳಕ್ಕೆ. ಎರಡು ಗಾಂಧಾರಗಳು ಒಂದನ್ನೊಂದು ಕೆರೆಯುತ್ತವೆ, ನಿಮ್ಮ ಹಲ್ಲು ಜುಮ್ಮೆನ್ನುತ್ತದೆ. ಚೆಲ್ಲೋ ಹುಡುಗನ ಕಮಾನು ಸುತ್ತು ಮುಗಿಯುವ ಮೊದಲೇ ತುದಿಗೆ ಬಂದು ನಡುಗುತ್ತದೆ. ಕೊನೆಯ ಸಾಲಿನಲ್ಲಿ ಮೂರು ಬಾರ್ ಮುಗಿದು, ಕೆಲವರು ಮುಂದಿನ ನುಡಿ ಹಿಡಿದರು, ಕೆಲವರು ನಿಂತರು, ಇಬ್ಬರು ಮೊದಲಿನಿಂದ ಶುರು ಮಾಡಿದರು. ಗದ್ದಲ. ನಗು. ಎರಡು ಜಡೆಯ ಹುಡುಗಿಯೊಬ್ಬಳು ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಟೀಚರ್, ಇಲ್ಲಿ ಒಂದು ಬಾರ್ ಬಿಟ್ಟುಹೋಗಿದೆ’ ಎನ್ನುತ್ತಾಳೆ.

ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಆ ಬಾರನ್ನು ಈಗ ಸೇರಿಸಿಬಿಡಬಹುದು. ಕಾರ್ಯಕ್ರಮ ಹತ್ತಿರದಲ್ಲಿದೆ.

‘ಪಿಟೀಲು ಕೆಳಗಿಡಿ’ ಎನ್ನುತ್ತೀರಿ. ‘ಪತ್ರಾನೂ. ಇಬ್ಬಿಬ್ಬರು ಎದುರುಬದುರು ಕೂತ್ಕೊಳ್ಳಿ.’ ಪತ್ರಗಳು ನೆಲಕ್ಕೆ ಬೀಳುತ್ತವೆ. ಮಕ್ಕಳು ಕೈ ಕೈ ಹಿಡಿದು ಕೂರುತ್ತಾರೆ. ಕಾಣದ ಗೂಟವನ್ನು ಹಿಡಿದು ಎಳೆಯಿರಿ, ತಳ್ಳಿರಿ ಎಂದು ಹೇಳಿ, ಅಜ್ಜಿಯ ಹಾಡನ್ನು ಹಾಕುತ್ತೀರಿ. ಮೊದಲು ಕಿಸಿಕಿಸಿ. ಆಮೇಲೆ ಕಲ್ಲಿನ ಸದ್ದು ಸಭಾಂಗಣವನ್ನು ತುಂಬುತ್ತದೆ, ಬೆನ್ನುಗಳು ವಾಲತೊಡಗುತ್ತವೆ. ಒಬ್ಬ ಗುನುಗುತ್ತಾನೆ. ಇನ್ನೊಬ್ಬಳು. ಜಾರು ಬಂದಾಗ ಯಾರೂ ಹೇಳಿಕೊಡದೆ ಎಲ್ಲರ ಕತ್ತೂ ಸ್ವಲ್ಪ ಬಾಗುತ್ತದೆ. ಮೂರು ಸುತ್ತು ಮುಗಿದ ಕೂಡಲೇ ಅವರ ಕೈ ನಿಲ್ಲದೆ ಮುಂದಿನ ನುಡಿಗೆ ಹೋಗುತ್ತದೆ, ಏಕೆಂದರೆ ಎದುರಿನವರ ಕೈ ನಿಂತಿಲ್ಲ. ಬಿಟ್ಟುಹೋದ ಬಾರಿನ ವಿಷಯ ಮತ್ತೆ ಯಾರೂ ಎತ್ತುವುದಿಲ್ಲ.

ಇಲ್ಲೇ ನೀವು ಇನ್ನೊಂದು ತೀರ್ಮಾನಕ್ಕೆ ಬರುತ್ತೀರಿ, ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡದು. ಕೂತ ಜೋಡಿಗಳನ್ನು ನೋಡುತ್ತೀರಿ: ಯಾರು ಮುಖ್ಯ, ಯಾರು ಜೊತೆ ಎಂದು ಹೇಳಲು ಬರುವುದಿಲ್ಲ. ಹಿಂದೆ ದೊಡ್ಡ ಮನೆಗಳಲ್ಲಿ ಅತ್ತಿಗೆ ನಾದಿನಿಯರು ಎದುರಾಗಿ ಕೂತು ಬೀಸುವಾಗ ಒಬ್ಬಳು ಒಂದು ನುಡಿ ಹಾಡಿದರೆ ಇನ್ನೊಬ್ಬಳು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಬಾರ್ತೋಕರ ಯುಗಳಗಳಲ್ಲೂ ಎರಡನೆಯ ಪಿಟೀಲು ಬರೀ ಆಳಲ್ಲ; ಧಾಟಿ ಕೈಯಿಂದ ಕೈಗೆ ಹೋಗುತ್ತದೆ. ಹೊಸದಾಗಿ ಕಲಿಯುವ ಮಕ್ಕಳನ್ನು ಚುರುಕಿನವರು ಮೊದಲ ಪಿಟೀಲು, ಉಳಿದವರು ಎರಡನೆಯದು ಎಂದು ಬೇರೆ ಮಾಡಿ ಕೂರಿಸಿದರೆ ಹಿಂದಿನ ಸಾಲಿನ ಮಗುವಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ನೀವು ಎರಡೂ ಗುಂಪಿಗೆ ಎರಡೂ ಭಾಗ ಕೊಡುತ್ತೀರಿ. ಒಂದು ನುಡಿ ಹಾಡು, ಮುಂದಿನ ನುಡಿಗೆ ಕಲ್ಲು, ಎಂದರೆ ಖಾಲಿ ತಂತಿಯ ಎಳೆತ. ಕಮಾನು ತುದಿಗೆ ಬಂದು ನಡುಗುವ ಸಮಸ್ಯೆಗೂ ದಾರಿ ಇದರಲ್ಲೇ ಇದೆ: ಕಲ್ಲಿನವರು ಎಲ್ಲರೂ ಒಟ್ಟಿಗೆ ಕಮಾನು ತಿರುಗಿಸಬಾರದು, ಅಕ್ಕಪಕ್ಕದವರು ಬೇರೆ ಬೇರೆ ಹೊತ್ತಿಗೆ ತಿರುಗಿಸಬೇಕು. ಆಗ ಒಬ್ಬರ ತಡೆ ಇನ್ನೊಬ್ಬರ ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಸುಮಾರು ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯೂರೋಪಿನವರೊಬ್ಬರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತದ ಒಳಕ್ಕೆ ತಂದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಯೂರೋಪಿನ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕಟ್ಟಿದರು. ಮೈಸೂರಿನ ಚೌಡಯ್ಯನವರು ಅದೇ ವಾದ್ಯಕ್ಕೆ ಏಳು ತಂತಿ ಕಟ್ಟಿ ಸಭೆಗಳನ್ನು ತುಂಬಿದರು. ಕಚೇರಿಯ ವೇದಿಕೆಗೆ ಹೀಗೆ ಹೆದ್ದಾರಿಯೇ ಇದೆ. ಬೀಸುಕಲ್ಲಿನಿಂದ ಪಿಟೀಲಿಗೆ ಮಾತ್ರ ದಾರಿ ಸವೆದಿಲ್ಲ. ಆ ದಾರಿಯಲ್ಲಿ ನಿಮ್ಮ ಜೊತೆ ಈಗ ಹತ್ತು ವರ್ಷದ ಮಕ್ಕಳು ನಡೆಯುತ್ತಿದ್ದಾರೆ.

ಕಾರ್ಯಕ್ರಮದ ಸಂಜೆ. ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತಿದ್ದೀರಿ. ಹೊಸ ಬಟ್ಟೆಯ ಗಂಜಿ ವಾಸನೆ, ಮಲ್ಲಿಗೆಯ ವಾಸನೆ. ಏಸಿಯ ಗಾಳಿ ನೇರ ವೇದಿಕೆಯ ಮೇಲೆ ಬೀಸುತ್ತಿದೆ, ಅದೊಂದೇ ನಿಮಗೆ ಹಿಡಿಸುತ್ತಿಲ್ಲ. ಹೊರಗಿನ ಸೆಕೆಯಿಂದ ಬಂದ ಮರದ ಬಿರಡೆಗಳು ಈ ಒಣ ತಂಪಿಗೆ ಕುಗ್ಗುತ್ತವೆ, ಕುಗ್ಗಿದರೆ ಜಾರುತ್ತವೆ. ಎಲ್ಲರ ತಂತಿಯನ್ನೂ ಕೂಡಿಸಿದ್ದೀರಿ. ಮತ್ತೆ ಕೂಡಿಸಿದ್ದೀರಿ. ನಿಮ್ಮ ಅಂಗೈ ಒದ್ದೆ.

ಚೆಲ್ಲೋ ಹುಡುಗ ಕಮಾನು ಇಡುತ್ತಾನೆ. ಖಾಲಿ ಡಿ ತಂತಿ. ಸದ್ದು ನೆಲದ ಹಲಗೆಯಿಂದ ನಿಮ್ಮ ಪಾದಕ್ಕೆ ಬರುತ್ತದೆ. ಎಳೆ. ತಳ್ಳು. ಬಲಗಡೆಯ ಪಿಟೀಲುಗಳು ಕಲ್ಲಿಗೆ ಕೈ ಹಾಕುತ್ತವೆ. ಎಡಗಡೆಯಿಂದ ಹಾಡು ಏಳುತ್ತದೆ. ಮೊದಲ ನುಡಿ. ಜಾರು ಬರುತ್ತದೆ, ಒಂದಿಬ್ಬರದು ತಡವಾಗಿ, ಪರವಾಗಿಲ್ಲ. ಮೂರು ಸುತ್ತಿನ ಗಿಡ್ಡ ಸಾಲು, ನಿಲ್ಲದೆ ಮುಂದಕ್ಕೆ. ಎರಡನೆಯ ನುಡಿ ಬಲಗಡೆಗೆ ಹೋಯಿತು. ನಿಮ್ಮ ಉಸಿರು ಮಕ್ಕಳ ಕಮಾನಿನ ಜೊತೆ ಹೋಗಿಬರುತ್ತಿದೆ. ಮೂರನೆಯದು ಮತ್ತೆ ಎಡಕ್ಕೆ, ಎರಡು ಜಡೆಯ ಹುಡುಗಿ ಒಬ್ಬಳೇ ನುಡಿಸಬೇಕಾದ ನುಡಿ. ಅವಳು ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ.

ಟರ್ರ್.

ಸಣ್ಣ ಸದ್ದು. ನಿಮಗೆ ಗೊತ್ತಾಯಿತು. ಅವಳ ಡಿ ತಂತಿಯ ಬಿರಡೆ ಬಿಚ್ಚಿಕೊಂಡಿತು. ತಂತಿ ಸಡಿಲವಾಗಿ ಜೋತಿದೆ. ಇಡೀ ಹಾಡು ಆ ಒಂದು ತಂತಿಯ ಮೇಲಿತ್ತು. ಅವಳ ಕಮಾನು ಗಾಳಿಯಲ್ಲಿ ನಿಂತಿದೆ. ಕೆನ್ನೆ ಬಿಳುಪಾಗುತ್ತಿದೆ. ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. ಓಡಿಹೋಗಿ ಬಿರಡೆ ತಿರುಗಿಸಲೇ? ಹಾಡು ನಿಲ್ಲಿಸಲೇ? ನಿಮ್ಮ ಕಾಲು ಪರದೆಯ ಅಂಚು ದಾಟಿದೆ. ಇನ್ನೊಂದು ಹೆಜ್ಜೆ ಇಟ್ಟರೆ ಬೆಳಕಿಗೆ ಬರುತ್ತೀರಿ, ಬಂದರೆ ಎಲ್ಲರೂ ನುಡಿಸುವುದನ್ನು ಬಿಡುತ್ತಾರೆ. ಬಿಟ್ಟರೆ ಮತ್ತೆ ಹತ್ತುವುದಿಲ್ಲ. ಒಂದು ಸುತ್ತು ಖಾಲಿ ಹೋಯಿತು. ಚೆಲ್ಲೋ ಹುಡುಗ ಅವಳನ್ನು ನೋಡಿದ, ಕೈ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು. ಎಳೆ. ತಳ್ಳು. ನಿಲ್ಲಿಸಬೇಡ ಮರಿ, ನಿಲ್ಲಿಸಬೇಡ ಎಂದು ನೀವು ತುಟಿಯೊಳಗೇ ಬೇಡುತ್ತೀರಿ.

ಹುಡುಗಿ ಹಿಂದೆ ತಿರುಗಿ ನೋಡುತ್ತಾಳೆ. ಬಲಗಡೆಯ ಸಾಲಿನ ತುದಿಯಲ್ಲಿ ಕನ್ನಡಕದ ಹುಡುಗನೊಬ್ಬ, ತರಗತಿಯಲ್ಲಿ ಬಾಯಿ ಬಿಡದವನು, ಖಾಲಿ ತಂತಿ ಎಳೆಯುತ್ತ ನಿಂತಿದ್ದಾನೆ. ಅವಳು ಅವನಿಗೆ ಗಲ್ಲದಿಂದ ಸನ್ನೆ ಮಾಡುತ್ತಾಳೆ. ಅವನಿಗೆ ಅರ್ಥವಾಗುವುದಿಲ್ಲ. ಮತ್ತೆ ಮಾಡುತ್ತಾಳೆ. ಅವನ ಕಣ್ಣು ಅಗಲವಾಗುತ್ತದೆ. ಅವಳ ಕಮಾನು ಎ ತಂತಿಗೆ ಇಳಿದು ಪಂಚಮ ಹಿಡಿಯುತ್ತದೆ. ಕಲ್ಲಿಗೆ ಕೈ ಹಾಕಿದಳು. ಆ ಕ್ಷಣವೇ ಹುಡುಗನ ಬೆರಳು ಬೀಳುತ್ತದೆ. ರಿ. ಗ. ಸಣ್ಣ ದನಿ, ನಡುಗುವ ದನಿ, ಆದರೆ ಗಾಂಧಾರ ತಗ್ಗಿನಲ್ಲೇ ಇದೆ. ಮೊದಲ ಸಾಲು ಮುಗಿಯಿತು. ನಡುವಿನ ಸಾಲು. ಜಾರು ಬರಬೇಕು. ಪಟ್ಟಿಯ ಮೇಲೆ ಇಳಿದ ಬೆರಳು, ಎತ್ತದೆ, ಹಿಂದಕ್ಕೆ, ಮೆಲ್ಲಗೆ, ಇನ್ನೂ ಮೆಲ್ಲಗೆ. ಸಭೆಯ ಎರಡನೆಯ ಸಾಲಿನಲ್ಲಿ ಇಳಕಲ್ ಸೀರೆಯ ಒಬ್ಬ ಹಿರಿಯರು, ಯಾರದೋ ಅಜ್ಜಿ, ತಲೆ ಎತ್ತುತ್ತಾರೆ. ಅವರ ಬಲಗೈ ತೊಡೆಯ ಮೇಲೆ ಸುತ್ತತೊಡಗುತ್ತದೆ.

ಹಾಡು ಮುಗಿದಾಗ ಸಭೆಗೆ ಮುಗಿಯಿತೆಂದು ಗೊತ್ತಾಗುವುದಿಲ್ಲ. ಕೊನೆಯ ಸಾಲು ಮೂರೇ ಸುತ್ತಿನದಲ್ಲವೇ. ಮಕ್ಕಳು ಕಮಾನು ಇಳಿಸಿದ ಮೇಲೆ ಚಪ್ಪಾಳೆ ಬೀಳುತ್ತದೆ, ಮೊದಲು ಚದುರಿ, ಆಮೇಲೆ ಜೋರಾಗಿ.

ಪರದೆಯ ಹಿಂದೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ನೀವು ನೆಲದ ಮೇಲೆ ಕೂತು ಹುಡುಗಿಯ ಬಿರಡೆಯನ್ನು ಒತ್ತಿ ತಿರುಗಿಸುತ್ತಿದ್ದೀರಿ. ನಿಮ್ಮ ಬೆರಳು ಇನ್ನೂ ನಡುಗುತ್ತಿದೆ, ಅವಳದಲ್ಲ. ಚೆಲ್ಲೋ ಹುಡುಗ ತನ್ನ ವಾದ್ಯವನ್ನು ತಬ್ಬಿಕೊಂಡು ಬಂದು ನಿಮ್ಮ ಪಕ್ಕ ನಿಲ್ಲುತ್ತಾನೆ.

‘ಟೀಚರ್, ಈ ಹಾಡಿಗೆ ಒಟ್ಟು ಎಷ್ಟು ನುಡಿ ಇದೆ?’

ನೀವು ಪತ್ರದಲ್ಲಿ ಬರೆದದ್ದು ನಾಲ್ಕು. ಆದರೆ ಅವನು ಕೇಳುತ್ತಿರುವುದು ಪತ್ರದ ಮಾತಲ್ಲ. ‘ಲೆಕ್ಕ ಇಲ್ಲ ಕಣೋ’ ಎನ್ನುತ್ತೀರಿ. ‘ಕಾಳು ಮುಗಿಯೋವರೆಗೂ ಹಾಡ್ತಾರೆ. ಒಂದು ಸೇರಿದ್ದರೆ ಅಷ್ಟು, ಎರಡು ಸೇರಿದ್ದರೆ ಇನ್ನಷ್ಟು.’

ಅವನು ಯೋಚಿಸುತ್ತಾನೆ. ಬೆರಳ ತುದಿಯಿಂದ ಡಿ ತಂತಿಯನ್ನು ಒಮ್ಮೆ ಮೀಟುತ್ತಾನೆ.

‘ನಮಗೆ ಕಾಳಿಲ್ಲವಲ್ಲ. ಹಾಗಾದ್ರೆ ನಿಲ್ಲಿಸೋದು ಯಾರು?’

‘ಕಲ್ಲು ಯಾರ ಕೈಲಿದೆಯೋ ಅವರು. ನೀನು.’

‘ನಾನಾ?’ ಅವನು ಸುತ್ತ ನೋಡುತ್ತಾನೆ, ಇವರೆಲ್ಲರನ್ನೂ ತಾನು ನಿಲ್ಲಿಸಬಹುದೆಂಬುದು ಅವನಿಗೆ ಈಗಷ್ಟೇ ಹೊಳೆಯುತ್ತಿದೆ. ‘ಹಾಗಾದ್ರೆ ಮುಂದಿನ ಸಲ ನನ್ನ ಕುರ್ಚಿ ಮಧ್ಯಕ್ಕೆ ಹಾಕಿ ಟೀಚರ್. ಅಲ್ಲಿ ಮೂಲೇಲಿ ಕೂತ್ರೆ ನಂಗೆ ಯಾರೂ ಕಾಣಿಸಲ್ಲ.’